ಸೋಮವಾರದ ಕಲ್ಲು

ಊರಿಗೆಲ್ಲಾ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಗೌರವ್ವನ ಮಟ್ಟಿಗೆ ಆ ಎಡವಟ್ಟ ಬೇರೆ ಯಾರೂ ಅಲ್ಲ, ಅವಳ ಗಂಡ ರಾಚಪ್ಪನೇ. ಮೂಡಲಗಿ ಪೇಟೆಯಲ್ಲಿ ಅವನದು ಭಾಂಡೆ ಅಂಗಡಿ. ತಾಮ್ರದ ಕೊಡ, ಹಿತ್ತಾಳೆಯ ಚರಗಿ, ಕಂಚಿನ ತಾಟು, ಮದುವೆಗೆ ಕೊಡುವ ಪಾತ್ರೆ ಪಡಗವೆಲ್ಲ ಅಲ್ಲಿ ಸಿಗುತ್ತಿತ್ತು. ಸೋಮವಾರ ಅಂಗಡಿ ಬಂದ್. ಉಳಿದ ವ್ಯಾಪಾರಸ್ಥರು ಆ ದಿನ ಮಠಕ್ಕೆ ಹೋಗುತ್ತಿದ್ದರು, ಬೀಗರ ಮನೆಗೆ ಹೋಗುತ್ತಿದ್ದರು, ಏನೂ ಇಲ್ಲದಿದ್ದರೆ ಉಂಡು ಮಲಗುತ್ತಿದ್ದರು. ರಾಚಪ್ಪ ಮಾತ್ರ ಹಣೆಗೆ ವಿಭೂತಿ ಹಚ್ಚಿ, ಟಾವೆಲಿನಲ್ಲಿ ರೊಟ್ಟಿ ಕಟ್ಟಿಕೊಂಡು ಗೋಕಾಕದ ಬಸ್ಸು ಹತ್ತುತ್ತಿದ್ದ. ಫಾಲ್ಸಿನ ಆಚೆಯ ಕಲ್ಲುಗುಡ್ಡದ ಮೇಲೆ ದಿನವಿಡೀ ಅಲೆದು, ಸಂಜೆ ಕೆಂಪು ಧೂಳು ಹಿಡಿದ ಧೋತರದಲ್ಲಿ ಮನೆಗೆ ಬರುತ್ತಿದ್ದ.

"ಏನೈತ್ರಿ ಅಲ್ಲಿ?" ಎಂದು ಮದುವೆಯಾದ ಹೊಸತರಲ್ಲಿ ಗೌರವ್ವ ಕೇಳಿದ್ದಳು.

"ಕಲ್ಲ ಅದಾವ."

"ಕಲ್ಲ ನಮ್ಮ ಹಿತ್ತಲದಾಗೂ ಅದಾವ."

ರಾಚಪ್ಪ ನಕ್ಕಿದ್ದ. "ಒಂದ ಕಲ್ಲ ಐತಿ ಗೌರಾ, ಬಡದ್ರ ನುಡಿತೈತಿ. ನಮ್ಮ ಅಂಗಡ್ಯಾಗಿನ ಯಾವ ಕಂಚಿಗೂ ಆ ದನಿ ಇಲ್ಲ. ಬಾ, ಒಮ್ಮೆ ಕೇಳ."

"ಕಲ್ಲಿನ ಸಪ್ಪಳಾ ಕೇಳಾಕ ಗುಡ್ಡಾ ಹತ್ತಬೇಕೇನ್ರಿ? ಮಂದಿ ನಕ್ಕಾರು."

ಮೊದಲ ವರ್ಷಗಳಲ್ಲಿ ಅವನು ಎಷ್ಟೋ ಸಲ ಕರೆದ. ಅವಳಿಗೆ ಒಮ್ಮೆ ತಲೆನೋವು, ಒಮ್ಮೆ ಹಪ್ಪಳ ಹಾಕುವುದು, ಒಮ್ಮೆ ಹುಕ್ಕೇರಿಯ ತವರಿನಿಂದ ಯಾರೋ ಬರುವವರು. ಆಮೇಲೆ ಅವನು ಕರೆಯುವುದನ್ನೇ ಬಿಟ್ಟ. ಕರೆದು ಕರೆದು ಬೇಸತ್ತಿರಬೇಕು ಅಂದುಕೊಂಡು ಗೌರವ್ವ ನಿರಾಳವಾದಳು. ಹಾಗೆ ಮೂವತ್ತು ವರ್ಷ ಸರಿದುಹೋಯಿತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ರಾಚಪ್ಪನಿಗೆ ಕೆಟ್ಟ ಜ್ವರ ಬಂತು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ. ಕಿವಿಗೆ ಹಾಕುವ ಮಿಷನ್ನೂ ಆಯಿತು. ಅದರಲ್ಲಿ ಬರೀ ಗುಂಯ್ ಅನ್ನುವುದೊಂದೇ ಕೇಳಿಸುತ್ತದೆ ಎಂದು ಅವನು ಅದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಎಸೆದ. ಸೋಮವಾರ ಗುಡ್ಡಕ್ಕೆ ಹೋಗುವುದೂ ನಿಂತಿತು. ಈಗ ವ್ಯಾಪಾರವನ್ನು ತಮ್ಮನ ಮಗ ಈಶ್ವರ ನೋಡಿಕೊಳ್ಳುತ್ತಾನೆ. ರಾಚಪ್ಪ ಮೂಲೆಯಲ್ಲಿ ಕೂತು, ಒಂದು ಕೈಯಿಂದ ಕೊಡ ಬಡಿದು ಇನ್ನೊಂದು ಕೈಯ ಬೆರಳ ತುದಿಯಲ್ಲಿ ಅದರ ನಡುಕ ಹಿಡಿದು, ಸೀಳು ಇದ್ದರೆ ಹೇಳುತ್ತಾನೆ. ಗಿರಾಕಿಗಳಿಗೆ ಅದೊಂದು ತಮಾಷೆ. ಮನೆಯಲ್ಲಿ ಅವನು ಹೆಂಡತಿಯ ಮುಖ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಾನೆ. ಮೊದಲು ಅವಳು ಒಲೆಯ ಮುಂದೆ ಗೊಣಗಿದರೆ ಪಡಸಾಲೆಗೆ ಕೇಳಿಸುತ್ತಿರಲಿಲ್ಲ. ಈಗ ಬಾಯಿ ಮುಚ್ಚಿಕೊಂಡು ಬೈದರೂ ಅವನಿಗೆ ಗೊತ್ತಾಗುತ್ತದೆ.

ದೀಪಾವಳಿ ಆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ರಾಚಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಗೌರಾ, ನಿನ್ನ ದನಿ ಹೆಂಗಿತ್ತು ಅನ್ನೂದ ನನಗ ಮರಿಯಾಕತ್ತೈತಿ."

ಗೌರವ್ವ ಪಲ್ಯದ ಬೋಗುಣಿ ಕೆಳಗಿಟ್ಟಳು.

"ಒಂದೊಂದ ಹೊಂಟಾವ," ಎಂದ ಅವನು, ಮನೆಗೆ ಬಂದವರು ಹೊರಟುಹೋದ ಸುದ್ದಿ ಹೇಳುವ ಹಾಗೆ. "ಅಂಗಡಿ ಬಾಗಲಾ ತಗಿಯೂ ಸಪ್ಪಳ ಹೋತು. ಮಠದ ಗಂಟಿ ಹೋತು. ನಿನ್ನ ದನಿ ಅರ್ಧಾ ಐತಿ, ಅರ್ಧಾ ಇಲ್ಲ. ಆ ಕಲ್ಲಿಂದೊಂದ ಪೂರಾ ಉಳದೈತಿ. ಅದೂ ಹೋಗೂದ್ರಾಗ ನೀ ಒಮ್ಮೆ ಬಂದ ಕೇಳ. ನನ್ನ ತಲಿಯಿಂದ ಹೋದ್ರೂ ನಿನ್ನ ಕಿವ್ಯಾಗರ ಇರ್ಲಿ. ಇಷ್ಟ ಮಾಡ."

ಗೌರವ್ವನ ಬಳಿ ಆ ದಿನ ತಲೆನೋವೂ ಇರಲಿಲ್ಲ, ಹಪ್ಪಳವೂ ಇರಲಿಲ್ಲ. ಅವನಿಗೆ ತುಟಿ ಕಾಣುವ ಹಾಗೆ ಎದುರಿಗೆ ಬಂದು ಕೂತು, "ಸ್ವಾಮಾರ ಹೋಗೂಣ್ರಿ," ಎಂದಳು.

ಸೋಮವಾರ ಗೋಕಾಕದಿಂದ ಟಂಟಂ ರಿಕ್ಷಾ ಹತ್ತಿ ಫಾಲ್ಸಿನ ಊರಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಮಳೆಗಾಲ ಮುಗಿದು ನೀರು ಇಳಿದಿದ್ದರೂ ಹೊಳೆ ಕೆಳಗೆ ಬೀಳುವ ಸದ್ದು ದೂರದವರೆಗೂ ಬರುತ್ತಿತ್ತು. ರಾಚಪ್ಪ ಆ ಕಡೆ ಕೈ ಮಾಡಿ ಕೇಳಿಸುತ್ತದೆಯೇ ಎಂದು ಹುಬ್ಬಿನಲ್ಲೇ ಕೇಳಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನಿಗೆ ಅಷ್ಟಕ್ಕೇ ಖುಷಿಯಾಯಿತು. ಕಾಲುದಾರಿ ಹಿಡಿದು ಮೇಲಕ್ಕೆ ಹೊರಟ.

ಗೌರವ್ವ ಗುಡ್ಡ ಅಂದರೆ ಒಂದು ಮುಳ್ಳು, ಒಂದು ಬಿಸಿಲು, ಒಂದಿಷ್ಟು ಕಲ್ಲು ಅಂದುಕೊಂಡಿದ್ದಳು. ಏರು ಮುಗಿದ ಕೂಡಲೇ ಕಂಡದ್ದು ಬೇರೆಯೇ. ನೆಲವೇ ಇರಲಿಲ್ಲ, ಕಣ್ಣು ಹೋದಷ್ಟು ದೂರ ಹಾಸುಬಂಡೆ. ನಸುಗೆಂಪು ಬಂಡೆಯ ಬಿರುಕುಗಳಲ್ಲಿ ಹುಲ್ಲು ಹಳದಿಯಾಗಿ ನಿಂತಿತ್ತು. ಅಂಚಿನಲ್ಲಿ ಬಂಡೆಗಳು ಪದರು ಪದರಾಗಿ, ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಯ ಹಾಗೆ ಒಂದರ ಮೇಲೊಂದು ಕೂತಿದ್ದವು. ಕೆಲವಕ್ಕೆ ಬುಡ ಸವೆದು ಸಣ್ಣ ಕಾಲಾಗಿತ್ತು, ಮೇಲೆ ಮಾತ್ರ ದೊಡ್ಡ ತಲೆ. ಈಗಲೋ ಆಗಲೋ ಬಿದ್ದಾವು ಅನ್ನುವ ಹಾಗಿದ್ದವು.

"ಚಪ್ಪಲಿ ಕಳಿ," ಎಂದ ರಾಚಪ್ಪ.

"ಯಾಕ್ರಿ?"

ಅವನು ಬಂಡೆಗೆ ಬೆರಳು ತೋರಿಸಿದ. ಗೌರವ್ವ ಚಪ್ಪಲಿ ಬಿಟ್ಟು ಕಾಲಿಟ್ಟಳು. ಕಲ್ಲಿನ ಮೇಲೆ ತೆರೆಗಳಿದ್ದವು. ಹೊಳೆಯ ದಂಡೆಯ ಮರಳಿನಲ್ಲಿ ನೀರು ಬಿಟ್ಟುಹೋಗುವ ಸಣ್ಣ ಸಣ್ಣ ಏರಿಳಿತಗಳು, ಹಾಗೇ, ಒಂದೂ ಅಳಿಯದೆ ಕಲ್ಲಾಗಿದ್ದವು. ಅಂಗಾಲಿಗೆ ಒಂದೊಂದೂ ತಿಳಿಯುತ್ತಿತ್ತು. ಯಾವ ಕಾಲದ ನೀರೋ, ಎತ್ತ ಹೋಯಿತೋ.

ಅವಳಿಗೆ ತಟ್ಟನೆ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಅವನು ಇದನ್ನೇ ಹೇಳಲು ಬಂದಿದ್ದ. ಕಲ್ಲಿನ ಮೇಲೆ ನೀರಿನ ತೆರೆ ಇವೆ ಅಂದಿದ್ದ. ಅವಳು ಅಕ್ಕಿ ಆರಿಸುತ್ತಿದ್ದಳು. ಬಿಸಿಲು ತಲೆಗೇರಿದೆ, ಮಜ್ಜಿಗೆ ಕುಡಿಯಿರಿ ಎಂದು ನೆರೆಮನೆಯ ಶೆಟ್ಟೆವ್ವನ ಮುಂದೆಯೇ ನಕ್ಕಿದ್ದಳು. ಶೆಟ್ಟೆವ್ವನೂ ನಕ್ಕಿದ್ದಳು. ಅವನು ಮಜ್ಜಿಗೆ ಕುಡಿದು ಸುಮ್ಮನೆ ಒಳಗೆ ಹೋಗಿದ್ದ.

ಅಲ್ಲಿಂದ ಮುಂದೆ ಹೆಜ್ಜೆ ಹೆಜ್ಜೆಗೂ ಇದೇ ಆಯಿತು. ಬಂಡೆಯ ನಡುವೆ ಬಾವಿಯಂಥ ದೊಣೆ ಸಿಕ್ಕಿತು, ಒಳಗೆ ಮಳೆಯ ನೀರು ತಿಳಿಯಾಗಿ ನಿಂತಿತ್ತು. ಇದರ ಸುದ್ದಿಯನ್ನೂ ಅವನು ಹೇಳಿದ್ದ. ಎರಡು ಕಲ್ಲುಗೋಡೆಗಳ ನಡುವೆ ಮೈ ಅಡ್ಡ ಮಾಡಿಕೊಂಡೇ ನುಗ್ಗಬೇಕಾದ ಸಂದಿ ಬಂತು, ಒಳಗೆ ಕೊಡದೊಳಗಿನಂಥ ತಂಪು. ಇದನ್ನೂ ಹೇಳಿದ್ದ. ಸಂದಿಯ ಆಚೆ ಬಂದರೆ ಕಣಿವೆ ಬಾಯಿ ತೆರೆದುಕೊಂಡಿತ್ತು. ಕೆಳಗೆ ಹೊಳೆ, ಅದರಾಚೆ ಕಬ್ಬಿನ ಹಸಿರು, ಕಣ್ಣು ತುಂಬುವಷ್ಟು ಆಕಾಶ. ಎಲ್ಲವನ್ನೂ ಹೇಳಿದ್ದ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇಲ್ಲಿ ಕೋಣ ಯಾರು ಅನ್ನುವುದು ಗೌರವ್ವನಿಗೆ ಚೆನ್ನಾಗಿಯೇ ತಿಳಿಯಿತು.

ಅವಳ ಮೊಣಕಾಲು ನೋಯುತ್ತಿತ್ತು. ಆದರೂ ನಡೆಯುವುದು ಸಾಕು ಅನ್ನಿಸಲಿಲ್ಲ. ಇಬ್ಬರ ಕಾಲೂ ಗಟ್ಟಿಯಿದ್ದಾಗ, ಅವನ ಕಿವಿ ಗಟ್ಟಿಯಿದ್ದಾಗ ಇಲ್ಲಿಗೆ ಬಂದಿದ್ದರೆ ಎಷ್ಟು ಮಾತಾಡಬಹುದಿತ್ತು! ಈಗ ಏನಾದರೂ ಚಂದ ಕಂಡರೆ ಅವನ ಅಂಗಿ ಜಗ್ಗಿ, ಬೆರಳು ಮಾಡಿ ತೋರಿಸಬೇಕು. ಅವನು ಅದನ್ನು ಮೊದಲೇ ನೋಡಿರುತ್ತಾನೆ.

ಬಂಡೆಯ ಮರೆಯಿಂದ ಕುರಿಗಳು ಬಂದವು, ಹಿಂದೆಯೇ ಕಂಬಳಿ ಹೆಗಲಿಗೇರಿಸಿದ ಒಬ್ಬ ಕುರಿಗಾರ. ನಾಗನೂರ ಕಡೆಯ ಕರೆಪ್ಪ. ಮಳೆಗಾಲ ಮುಗಿಯುವುದರೊಳಗೆ ಅವನ ಹಿಂಡು ಈ ಗುಡ್ಡ ಸೇರುತ್ತಿತ್ತು, ರಾಚಪ್ಪನಿಗೂ ಅವನಿಗೂ ಹಳೆಯ ಗುರುತು. ನೋಡಿದವನೇ ಕೋಲು ಕೆಳಗೆ ಹಾಕಿ ಓಡಿ ಬಂದ.

"ಸಾವಕಾರ್ರ! ಎಷ್ಟ ದಿನಾ ಆತ್ರಿ ನಿಮ್ಮನ್ನ ನೋಡಿ!" ಎಂದು ಕಾಲು ಮುಟ್ಟಿ, ಗೌರವ್ವನ ಕಡೆ ತಿರುಗಿದ. "ಅವ್ವಾರೂ ಬಂದಾರ! ನಮ್ಮ ಪುಣ್ಯಾ ದೊಡ್ಡದೈತಿ. ಬರ್ರಿ ಬರ್ರಿ, ಒಂದ ತೋರಸ್ತೇನಿ."

ಕಿವಿಗೆ ಆದದ್ದನ್ನು ಗೌರವ್ವ ಹೇಳಿದಳು. ಕರೆಪ್ಪ ಲೊಚಗುಟ್ಟಿದ. ಆದರೆ ಅವನ ಹುರುಪು ಇಳಿಯಲಿಲ್ಲ, ಮುಂದೆ ಮುಂದೆ ನಡೆದ. ರಾಚಪ್ಪನೂ ದಾರಿ ಗೊತ್ತಿದ್ದವನ ಹಾಗೆ ಬೇಗ ಬೇಗ ಕಾಲು ಹಾಕಿದ. ಒಂದು ದೊಡ್ಡ ಬಂಡೆಯನ್ನು ಸುತ್ತಿದ ಕೂಡಲೇ ನಿಂತುಬಿಟ್ಟ.

ಎದುರಿಗೆ ಸಿಮೆಂಟಿನ ಕಟ್ಟೆ ಇತ್ತು. ಸುಣ್ಣ ಹೊಡೆದು, ಸುತ್ತ ಕೆಮ್ಮಣ್ಣಿನ ಪಟ್ಟಿ ಎಳೆದಿದ್ದರು. ನಡುವೆ ಎಮ್ಮೆ ಮಲಗಿದಷ್ಟು ಉದ್ದದ ಒಂದು ಕಲ್ಲು, ಅದರ ತುಂಬ ಭಂಡಾರದ ಅರಿಶಿನ ಪುಡಿ. ಪಕ್ಕದಲ್ಲಿ ಬಿದಿರಿನ ಕೋಲಿಗೆ ಒಂದು ನಿಶಾನೆ.

"ಸೋಮಲಿಂಗ ಅಂತ ಹೆಸರಿಟ್ಟೀವ್ರಿ," ಎಂದ ಕರೆಪ್ಪ. "ಸಾವಕಾರ್ರು ಸ್ವಾಮಾರಕ್ಕೊಮ್ಮೆ ಬರತಿದ್ರಲ್ಲ, ಅದಕ್ಕ. ಇದರ ಹೊಟ್ಟಿ ಕೆಳಗ ಪೊಳ್ಳ ಇತ್ರಿ. ಎರಡ ಸಣ್ಣ ಗುಂಡಗಲ್ಲಿನ ಮ್ಯಾಲ ಹಂಗ ಕುಂತಿತ್ತು. ಉಳ್ಳಿ ಬಿದ್ದೀತು ಅಂತ ಪೊಳ್ಳ ತುಂಬ ಕಲ್ಲ ಬಡದು, ಸಿಮೆಂಟ ಹಾಕಿ ಗಟ್ಟಿ ಮಾಡೀವ್ರಿ. ಇನ್ನ ಎಂದೂ ಅಲಗಾಡಂಗಿಲ್ಲ."

ಗೌರವ್ವನಿಗೆ ಕಲ್ಲಿನ ವಿದ್ಯೆ ಗೊತ್ತಿಲ್ಲ. ಆದರೆ ಭಾಂಡೆ ಅಂಗಡಿಯವನ ಹೆಂಡತಿ ಅವಳು. ತಾಟನ್ನು ಬೆರಳ ಮೇಲೆ ಎತ್ತಿ ಹಿಡಿದು ಬಡಿದರೆ ನುಡಿಯುತ್ತದೆ, ನೆಲಕ್ಕೊತ್ತಿ ಬಡಿದರೆ ಸತ್ತಂತಿರುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಗಂಡನ ನುಡಿಯುವ ಕಲ್ಲು ಇದೇ ಎಂದು ಹೊಳೆಯಿತು.

"ಇದ ದೇವರ ಅಂತ ನಿಮಗ ಯಾರ ಹೇಳಿದ್ರು?" ಎಂದು ಕೇಳಿದಳು.

ಕರೆಪ್ಪ ಆಶ್ಚರ್ಯದಿಂದ ಅವಳನ್ನೇ ನೋಡಿದ. "ನೀವ ಹೇಳಿದ್ರಲ್ಲಾ ಅವ್ವಾರ! ನಮ್ಮ ಹೇಣ್ತಿ, ಅಲ್ಲವ್ವ ಅಂತ, ಒಮ್ಮೆ ಕೊಡಾ ತರಾಕ ಮೂಡಲಗಿಗೆ ಬಂದಿದ್ಲು. ಅಂಗಡಿ ಬಂದ್ ಇತ್ತಂತ ನಿಮ್ಮ ಮನಿಗೆ ಬಂದ್ಲು. ಸಾವಕಾರ್ರು ಎಲ್ಲಿ ಅಂತ ಕೇಳಿದ್ರ, ದೇವರಿಗೆ ಹೋಗ್ಯಾರ ಅಂದ್ರಿ. ನಿಮ್ಮ ಓಣ್ಯಾಗ ಕೇಳಿದ್ರೂ ಎಲ್ಲಾರೂ ಅದನ್ನ ಅಂದ್ರಂತ. ಇವರು ಇಲ್ಲಿ ಬಂದು, ಕಲ್ಲ ಬಡದು, ಕಣ್ಣ ಮುಚ್ಚಿ ಕೂಡೂದನ್ನ ನಾ ನೋಡಿದ್ನಿ. ಆವಾಗ ನಮಗ ತಿಳೀತು. ಸಾವಕಾರ್ರು ಬರೂದ ನಿಂತ ಮ್ಯಾಲ, ಅವರ ದೇವರು ಬಿಸಲಾಗ ಯಾಕ ಬೀಳಬೇಕಂತ ನಾವ ಕುರಿಗಾರ್ರೆಲ್ಲಾ ಕೂಡಿ ಕಟ್ಟಿ ಕಟ್ಟೀವ್ರಿ."

ಅವಳು ಹಾಗೆ ಹೇಳಿದ್ದು ನಿಜ. ಅಲ್ಲವ್ವನಿಗೆ ಒಬ್ಬಳಿಗೇ ಅಲ್ಲ, ಕೇಳಿದವರಿಗೆಲ್ಲ ಹೇಳಿದ್ದಳು. ಗಂಡ ಕಲ್ಲು ಬಡಿಯಲು ಗುಡ್ಡಕ್ಕೆ ಹೋಗಿದ್ದಾನೆ ಎಂದು ಮರ್ಯಾದಸ್ಥರ ಮುಂದೆ ಹೇಗೆ ಹೇಳುವುದು? ದೇವರಿಗೆ ಹೋಗಿದ್ದಾರೆ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಣೆಯ ಮೇಲೆ ವಿಭೂತಿ, ದಿನ ಸೋಮವಾರ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಗುಡ್ಡದ ದೇವರಿಗೆ ಯಾಕೆ ಹೋಗುತ್ತಾನೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹಾಗೆ ಹೇಳುತ್ತ ಹೇಳುತ್ತ ಅವಳಿಗೂ ಅದು ಸುಳ್ಳು ಅನ್ನುವುದು ಮರೆತುಹೋಗಿತ್ತು. ಆ ಸುಳ್ಳು ಮೂಡಲಗಿಯಿಂದ ಕಾಲೆಳೆದುಕೊಂಡು ಇಲ್ಲಿಯವರೆಗೆ ಬಂದು, ಗಂಡನ ಕಲ್ಲಿನ ಗಂಟಲಿಗೆ ಸಿಮೆಂಟು ಸುರಿದಿತ್ತು.

ರಾಚಪ್ಪನಿಗೆ ಇದು ಯಾವುದೂ ಕೇಳಿಸಿರಲಿಲ್ಲ. ಅವನು ಕಟ್ಟೆಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ಕಲ್ಲಿನ ಅಡಿಯನ್ನು ನೋಡಿದ, ಕೈಯಾಡಿಸಿದ. ಅವನಿಗೆ ಆಗಲೇ ಸಂಶಯ ಬಂದಿರಬೇಕು. ಆದರೂ ಅಲ್ಲೇ ಬಿದ್ದಿದ್ದ ಒಂದು ದುಂಡು ಹರಳನ್ನು ಆರಿಸಿ ತಂದು, ಹೆಂಡತಿಯನ್ನು ಕರೆದ.

"ಗೌರಾ, ಬಾ. ಇಲ್ಲಿ ಬಾಜೂಕ ನಿಂದ್ರ. ಕಣ್ಣ ಮುಚ್ಚಬ್ಯಾಡ, ನಿನ್ನ ಮಾರಿ ನೋಡಬೇಕ ನಾ."

ಎಡಗೈಯನ್ನು ಕಲ್ಲಿನ ಮೇಲಿಟ್ಟು ಬಲಗೈಯಿಂದ ಬಡಿದ.

ಟಪ್ ಎಂದಿತು. ಮನೆಯ ಗೋಡೆಗೆ ಬಡಿದರೆ ಏನು ಅನ್ನುತ್ತದೋ ಅಷ್ಟೇ. ದೂರದಲ್ಲಿ ಒಂದು ಕುರಿ ಅರಚಿತು.

ಗೌರವ್ವ ಮುಖ ಅರಳಿಸಿದಳು. ಕಣ್ಣು ಅಗಲ ಮಾಡಿದಳು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ತಲೆ ಆಡಿಸಿದಳು. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಅವಳು ಎಂದೂ ನಕ್ಕಿರಲಿಲ್ಲ.

ರಾಚಪ್ಪ ಅವಳನ್ನು ಬಹಳ ಹೊತ್ತು ನೋಡಿದ. "ಎಷ್ಟೊತ್ತ ನಿಂತಿತ್ತ ದನಿ?"

ಅವಳು ಕೈಯನ್ನು ಎದೆಯಿಂದ ಮೆಲ್ಲಗೆ ದೂರಕ್ಕೆ, ಕಣಿವೆಯ ಆಚೆಯವರೆಗೆ ಚಾಚಿ ತೋರಿಸಿದಳು. ಅಷ್ಟು ಹೊತ್ತು.

"ಹೂಂ," ಎಂದ ರಾಚಪ್ಪ. ಹರಳನ್ನು ಅವಳ ಕೈಗೆ ಕೊಟ್ಟ. "ಈಗ ನೀ ಬಡಿ."

ಅವನು ಎರಡೂ ಅಂಗೈಗಳನ್ನು ಕಲ್ಲಿನ ಮೇಲೆ ಹರಡಿ, ಬಾಗಿ ಕಣ್ಣು ಮುಚ್ಚಿದ. ಭಂಡಾರ ಅವನ ಕೈಗೆಲ್ಲ ಮೆತ್ತಿತು. ಗೌರವ್ವ ಬಡಿದಳು. ಮತ್ತೆ ಬಡಿದಳು, ಇದ್ದ ಬಲವನ್ನೆಲ್ಲ ಹಾಕಿ ಬಡಿದಳು. ನುಡಿ, ಒಂದೇ ಒಂದು ಸಲ ನುಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಆ ಕಲ್ಲನ್ನು ನಿಜವಾಗಿ ದೇವರೆಂದು ಬೇಡಿಕೊಂಡವಳು ಅವಳೊಬ್ಬಳೇ ಇರಬೇಕು. ಹರಳಿನ ಅಂಚು ಚೂರಾಗಿ ಹಾರಿತು. ಕಲ್ಲು ಮಾತ್ರ ಟಪ್ ಟಪ್ ಅನ್ನುತ್ತಲೇ ಇತ್ತು.

ರಾಚಪ್ಪ ಕಣ್ಣು ತೆರೆದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನೂ ಇರಲಿಲ್ಲ. ಕೈಗಳನ್ನು ಟಾವೆಲಿಗೆ ಒರೆಸಿಕೊಂಡು, ಎದುರು ನೋಡುತ್ತ ನಿಂತಿದ್ದ ಕರೆಪ್ಪನ ಹೆಗಲ ಮೇಲೆ ಕೈ ಇಟ್ಟ.

"ಛಲೋ ಕಟ್ಟೀರಿ ಕರೆಪ್ಪಾ. ಬಾಳ ಗಟ್ಟಿ ಐತಿ."

ಕರೆಪ್ಪನ ಕಣ್ಣಲ್ಲಿ ನೀರು ಬಂತು. ಕುರಿಯ ಹಾಲು ಹಿಂಡಿ ತರುತ್ತೇನೆ, ಚಹಾ ಕುಡಿದೇ ಹೋಗಬೇಕು ಎಂದು ಹಟ ಹಿಡಿದ. ಕುಡಿದರು. ರೊಟ್ಟಿಯ ಗಂಟನ್ನು ಬಿಚ್ಚಿ ಅವನಿಗೂ ಕೊಟ್ಟು ತಾವೂ ತಿಂದರು. ರಾಚಪ್ಪ ಕುರಿಗಳ ಸುದ್ದಿ ಕೇಳಿದ, ಕರೆಪ್ಪ ಕೈಸನ್ನೆಯಲ್ಲಿ ಹೇಳಿದ. ಗೌರವ್ವ ಆ ದನಿಯನ್ನು ಕಿವಿಯಲ್ಲಿ ತುಂಬಿಕೊಂಡು ಹೋಗಲು ಬಂದವಳು. ಖಾಲಿ ಕಿವಿಯಲ್ಲಿ ಎದ್ದಳು.

ಇಳಿಯುವಾಗ ರಾಚಪ್ಪ ಮುಂದೆ, ಅವಳು ಹಿಂದೆ. ಕಲ್ಲಿನ ಸಂದಿಯೊಳಗೆ ಬಂದಾಗ ಅವನು ನಿಂತ. ಹಿಂದೆ ತಿರುಗುವಷ್ಟು ಜಾಗ ಅಲ್ಲಿರಲಿಲ್ಲ. ಮುಂದೆ ನೋಡುತ್ತಲೇ ಕೇಳಿದ.

"ಮೂವತ್ತ ವರ್ಷಾ ಬರಲಿಲ್ಲ ನೀ. ಇವತ್ತ ಬಂದಿ. ಬಂದ ಮ್ಯಾಲ ಸುಳ್ಳ ಯಾಕ ಹೇಳಿದಿ, ಗೌರಾ?"

ಕೇಳಿ ಮತ್ತೆ ನಡೆದ. ಗೌರವ್ವನಿಗೆ ಒಳಗಿದ್ದುದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಇವತ್ತಿಂದಲ್ರಿ ನನ್ನ ಸುಳ್ಳ! ದೇವರಿಗೆ ಹೋಗ್ಯಾರ ಅಂತ ಊರಿಗೆಲ್ಲಾ ಹೇಳಿದಾಕಿ ನಾನ! ಅದನ್ನ ಕೇಳಿ ಅವರು ಕಟ್ಟಿ ಕಟ್ಯಾರ! ನಿಮ್ಮ ಕಲ್ಲ ಕೊಂದಾಕಿ ನಾನ್ರಿ!" ಎಂದು ಅವನ ಬೆನ್ನಿಗೆ ಕೂಗಿ ಹೇಳಿದಳು. ಎರಡೂ ಕಡೆಯ ಗೋಡೆಗಳು ಅವಳ ದನಿಯನ್ನು ಅವಳಿಗೇ ತಿರುಗಿ ಕೊಟ್ಟವು. ಬೆನ್ನು ಸುಮ್ಮನೆ ಮುಂದೆ ಹೋಗುತ್ತಿತ್ತು. ಹೇಳಿ ಮುಗಿಸಿದ ಮೇಲೆ ಅವಳಿಗೆ ಒಂದು ಕ್ಷಣ ಹಗುರವಾಯಿತು. ಮರುಕ್ಷಣವೇ ನಾಚಿಕೆಯಾಯಿತು. ಕೇಳದವನ ಬೆನ್ನಿಗೆ ನಿಜ ಹೇಳುವುದು ಇನ್ನೊಂದು ಸುಳ್ಳಲ್ಲದೆ ಮತ್ತೇನು?

ಸಂದಿ ದಾಟಿ ಬಯಲಿಗೆ ಬಂದ ಕೂಡಲೇ ಅವಳು ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಎದುರಿಗೆ ನಿಂತು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಅವನು ಅವಳ ತುಟಿಯನ್ನೇ ನೋಡಿದ.

"ತಿಳೀಲಿಲ್ಲ. ಸಾವಕಾಶ ಹೇಳ."

ಅವಳು ಮತ್ತೆ ಹೇಳಿದಳು. ಈ ಸಲ ಅಲ್ಲವ್ವನನ್ನು ಬಿಟ್ಟಳು, ಓಣಿಯ ಜನರನ್ನು ಬಿಟ್ಟಳು. ಮಂದಿ ಕೇಳುತ್ತಿದ್ದರು, ದೇವರಿಗೆ ಹೋಗಿದ್ದಾರೆ ಅನ್ನುತ್ತಿದ್ದೆ ಎಂದಷ್ಟೇ ಹೇಳಿದಳು. ರಾಚಪ್ಪ ತಲೆ ಅಲ್ಲಾಡಿಸಿದ.

"ಯಾರ ದೇವರಿಗೆ ಹೋಗ್ಯಾರ? ತಿಳೀವಲ್ದು ನನಗ. ಒಂದ ಮಾತಿನ್ಯಾಗ ಹೇಳ."

ಒಂದು ಮಾತಿನಲ್ಲಿ ಹೇಳುವುದಕ್ಕೆ ದೇವರೂ ಉಳಿಯಲಿಲ್ಲ, ಮಂದಿಯೂ ಉಳಿಯಲಿಲ್ಲ, ಸಿಮೆಂಟೂ ಉಳಿಯಲಿಲ್ಲ. ಗೌರವ್ವ ಕಣ್ಣೊರೆಸಿಕೊಂಡು, ಶಾಲೆಯ ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ನಿಮ್ಮ ಸಲುವಾಗಿ. ನನಗ. ನಾಚಿಕಿ. ಬರತಿತ್ರಿ."

ಈಗ ಅವನಿಗೆ ತಿಳಿಯಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ.

"ಅದು ಗೊತ್ತಿತ್ತ ನನಗ," ಎಂದ ರಾಚಪ್ಪ. "ಅದಕ್ಕ ನಿನ್ನ ಕರಿಯೂದ ಬಿಟ್ಟಿದ್ನಿ."